ರೂಪಕುಂಡದ ಯಾತ್ರಿಕರು



ರಜೆ ಬಂತೆಂದರೆ ಊರಿನ ದಾರಿ ಹಿಡಿಯುವುದು ಹೈದರಾಬಾದಿನ ಕನ್ನಡಿಗರಾದ ನಮ್ಮ ವಾಡಿಕೆ. ಈಚೆಗೆ ನಮ್ಮ ಮಕ್ಕಳು ಬೆನ್ನಿಗೆ ಚೀಲವೇರಿಸಿ ಹಿಮಾಲಯದ ಕಡೆಗೂ ಹೊರಡುತ್ತಿದ್ದಾರೆ. ಸಂತೋಷವೇ ಸರಿ. ಅವರ ಬಾಯಲ್ಲಿ ಕೇಳಿಬರುವ ಸರೋವರಗಳಲ್ಲಿ ರೂಪಕುಂಡವೂ ಒಂದು. ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ತ್ರಿಶೂಲ ಪರ್ವತದ ಮಗ್ಗುಲಲ್ಲಿ, ಸುಮಾರು 16,500 ಅಡಿ ಎತ್ತರದಲ್ಲಿ ಈ ಕೊಳವಿದೆ. ಅಗಲ ಸುಮಾರು 40 ಮೀಟರು ಮಾತ್ರ; ನಮ್ಮ ಕಡೆಯ ದೇವಸ್ಥಾನದ ಪುಷ್ಕರಣಿಯಂತೆ. ವರ್ಷದ ಬಹುಭಾಗ ಹೆಪ್ಪುಗಟ್ಟಿರುತ್ತದೆ. ವಾಣ್ ಎಂಬ ಹಳ್ಳಿ ದಾಟಿದ ಮೇಲೆ ಕಾಲುದಾರಿಯು ಕಾಡನ್ನು ಹಾದು ಬೇದಿನಿ ಬುಗ್ಯಾಲಕ್ಕೆ ಏರುತ್ತದೆ. ಮರಗಳು ಬೆಳೆಯದಷ್ಟು ಎತ್ತರದ ಹುಲ್ಲುಗಾವಲಿಗೆ ಅಲ್ಲಿಯವರು ಬುಗ್ಯಾಲವೆನ್ನುತ್ತಾರೆ. ಮುಂದೆ ಸಿಕ್ಕುವುದು ಪಾತರ್ ನಚೌನಿ. ‘ಪಾತರದವಳು’ ಎಂಬ ಮಾತು ನಮ್ಮಲ್ಲಿಯೂ ಉಂಟಷ್ಟೆ! ಕನೌಜಿನ ರಾಜನೊಬ್ಬನು ನರ್ತಕಿಯರೊಡನೆ ನಂದಾದೇವಿಯ ಯಾತ್ರೆಗೆ ಬಂದನೆಂದೂ, ದೇವಿಯು ಮುನಿದು ಆಲಿಕಲ್ಲಿನ ಮಳೆ ಸುರಿಸಿದಳೆಂದೂ ಅಲ್ಲಿಯ ಜನ ಹಾಡಿಕೊಂಡು ಬಂದಿದ್ದಾರೆ.

1942ರಲ್ಲಿ ಅರಣ್ಯಾಧಿಕಾರಿಯೊಬ್ಬರು ಕೊಳದ ದಂಡೆಯಲ್ಲಿ ಮನುಷ್ಯರ ಎಲುಬುಗಳ ರಾಶಿಯನ್ನು ಕಂಡರು. ಎಲ್ಲರೂ ಒಂದೇ ಬಿರುಗಾಳಿಗೆ ಸಿಕ್ಕಿ ಸತ್ತರೆಂದು ಅನೇಕರು ಬಹುಕಾಲ ನಂಬಿದ್ದರು. 2019ರಲ್ಲಿ ಹೊರಬಂದ ಸಂಶೋಧನೆ ಬೇರೆಯೇ ಕಥೆ ಹೇಳಿತು. ನಮ್ಮ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಅದರಲ್ಲಿ ಪಾಲುಗೊಂಡಿದ್ದರೆಂಬುದು ನಮಗೆ ಹೆಮ್ಮೆ. 38 ಜನರ ಎಲುಬಿನ ಡಿಎನ್‌ಎ ಪರೀಕ್ಷಿಸಲಾಗಿ, 23 ಮಂದಿ ಭಾರತೀಯ ವಂಶದವರು, ಕ್ರಿ.ಶ. 800ರ ಆಚೀಚೆ, ಬೇರೆ ಬೇರೆ ಕಾಲಗಳಲ್ಲಿ ಮಡಿದವರು. 14 ಮಂದಿ ಮೆಡಿಟರೇನಿಯನ್ ಸಮುದ್ರದ ಪೂರ್ವತೀರದ ವಂಶದವರು. ಅವರು ಸತ್ತದ್ದು ಸುಮಾರು ಸಾವಿರ ವರ್ಷ ತರುವಾಯ. ಉಳಿದೊಬ್ಬರು ಆಗ್ನೇಯ ಏಷ್ಯದ ವಂಶದವರು. ಅಷ್ಟು ದೂರದ ವಂಶದವರು ಈ ಹಿಮದ ನಡುವೆ ಏಕೆ ಬಂದರೆಂಬುದು ಇನ್ನೂ ಬಗೆಹರಿದಿಲ್ಲ.

ಮನೆಯಿಂದ ದೂರದಲ್ಲಿ ಮಡಿದವರಿಗೆ ಹೆಸರಿಡಿದು ಅಳುವವರಿಲ್ಲ. ಊರು ಬಿಟ್ಟು ಬಂದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕೆ? ಆದರೂ ಅಲ್ಲಿಗೆ ಹೋದವರಲ್ಲಿ ಕೆಲವರು ಆ ಎಲುಬುಗಳನ್ನು ನೆನಪಿಗೆಂದು ಹೊತ್ತು ತಂದಿದ್ದಾರೆ. ಕೆಲವರು ಅತ್ತಿತ್ತ ಸರಿಸಿ ರಾಶಿ ಹಾಕಿದ್ದಾರೆ. ಸತ್ತವರಿಗೆ ಅವಮಾನವಾಯಿತು, ಯಾರು ಎಲ್ಲಿ ಬಿದ್ದಿದ್ದರೆಂಬ ಸಾಕ್ಷಿಯೂ ಅಳಿಯಿತು. ಹುಲ್ಲುಗಾವಲಿಗೂ ಜನಸಂದಣಿಯಿಂದ ಪೆಟ್ಟು ಬಿತ್ತು. 2018ರಲ್ಲಿ ಉತ್ತರಾಖಂಡದ ಹೈಕೋರ್ಟು ಬುಗ್ಯಾಲಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು.

ಆದುದರಿಂದ ನಮ್ಮ ಮಕ್ಕಳಿಗೆ ಹೇಳೋಣ: ಬೆಟ್ಟ ಹತ್ತಿ, ಬೇಡವೆನ್ನುವುದಿಲ್ಲ. ಹೊರಡುವ ಮೊದಲು ಅಲ್ಲಿಯ ಅರಣ್ಯ ಇಲಾಖೆಯ ಅಪ್ಪಣೆ ಏನೆಂದು ವಿಚಾರಿಸಿ. ಅಲ್ಲಿ ಮಲಗಿದವರೂ ಯಾರದೋ ಮನೆಯ ಮಕ್ಕಳು. ಅವರನ್ನು ಮುಟ್ಟದೆ ಕೈಮುಗಿದು ಬನ್ನಿ.