ಬದುಕಿರುವ ಎಲುಬು

ಎಲುಬು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸತ್ತ ಪದಾರ್ಥ. ಸ್ಮಶಾನ, ವೈದ್ಯಶಾಲೆಯ ಗಾಜಿನ ಬೀರುವಿನಲ್ಲಿ ತೂಗುಹಾಕಿದ ಅಸ್ಥಿಪಂಜರ, ಇವುಗಳ ನಂಟಿನಿಂದ ಈ ಭಾವನೆ ಬೆಳೆದಿರಬೇಕು. ದೇಹವೆಂಬ ಮನೆಗೆ ಎಲುಬು ಕಂಬವೆಂದೂ, ಒಮ್ಮೆ ನೆಟ್ಟ ಕಂಬ ಹಾಗೆಯೇ ನಿಂತಿರುವುದೆಂದೂ ತಿಳಿಯುವುದು ವಾಡಿಕೆ. ಈ ತಿಳಿವಳಿಕೆ ಎಷ್ಟು ತಪ್ಪು, ಅದರಿಂದ ನಮ್ಮ ಮನೆಗಳಲ್ಲಿ ಆಗುವ ಕೇಡೇನು ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಅಸ್ಥಿಸಂಚಯನಕ್ಕೆ ಹೋದವರು ಬಲ್ಲರು: ಚಿತೆಯಿಂದ ಆಯ್ದ ಎಲುಬು ಬೆಳ್ಳಗಿದ್ದು, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಅದು ಪೂರ್ಣವಾದ ಎಲುಬಲ್ಲ. ಬೆಂಕಿ ಸುಡಲಾರದೆ ಬಿಟ್ಟ ಭಾಗ, ಸುಣ್ಣವೂ ರಂಜಕವೂ ಕೂಡಿ ಹರಳುಗಟ್ಟಿದ ಪದಾರ್ಥ. ಇದಕ್ಕೆ ವಿರುದ್ಧವಾದ ಪರೀಕ್ಷೆಯೂ ಉಂಟು. ಕೋಳಿಯ ಕಾಲಿನ ಎಲುಬನ್ನು ಕೆಲವು ದಿವಸ ವಿನಿಗರಿನಲ್ಲಿ ನೆನೆಯಹಾಕಿದರೆ ಹುಳಿಯು ಸುಣ್ಣವನ್ನು ಕರಗಿಸುತ್ತದೆ. ಉಳಿದದ್ದು ಎಲುಬಿನ ಆಕಾರದಲ್ಲಿಯೇ ಇದ್ದರೂ ರಬ್ಬರಿನಂತೆ ಬಾಗುತ್ತದೆ. (ಅಡಿಗೆಮನೆಯಲ್ಲಿ ಈ ಪರೀಕ್ಷೆಗೆ ಎಲ್ಲ ಗೃಹಿಣಿಯರ ಅಪ್ಪಣೆಯೂ ದೊರೆಯಲಾರದೆಂದು ಬಲ್ಲೆವು.) ಹೀಗೆ ಉಳಿಯುವ ನಾರಿಗೆ ಕೊಲಾಜನ್ ಎಂದು ಹೆಸರು. ಚರ್ಮಕ್ಕೂ, ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿಗೂ, ಕೀಲುಗಳನ್ನು ಕಟ್ಟಿರುವ ಪಟ್ಟಿಗಳಿಗೂ ಅದೇ ನಾರು ಆಧಾರ. ಹರಳು ಭಾರವನ್ನು ಹೊರುತ್ತದೆ, ನಾರು ಸೆಳೆತವನ್ನು ತಡೆಯುತ್ತದೆ. ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳನ್ನಿಡುವ ಇಂಜಿನಿಯರರ ಯುಕ್ತಿಯೂ ಇದೇ.

ಆದರೆ ಕಾಂಕ್ರೀಟು ತನ್ನನ್ನು ತಾನು ಒಡೆದು ಕಟ್ಟಿಕೊಳ್ಳಲಾರದು. ಎಲುಬಿನಲ್ಲಿ ಆ ಕೆಲಸ ಹಗಲಿರುಳೂ ನಡೆದಿದೆ. ಒಂದು ಜಾತಿಯ ಜೀವಕಣಗಳು ಹಳೆಯ ಎಲುಬನ್ನು ಕರಗಿಸಿ ಕುಳಿ ತೋಡುತ್ತವೆ. ಇನ್ನೊಂದು ಜಾತಿಯವು ಹಿಂದೆಯೇ ಬಂದು ಮೊದಲು ನಾರನ್ನು ನೇಯ್ದು, ಅದರೊಳಗೆ ಹರಳನ್ನು ತುಂಬಿಸುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಎಲುಬು ಹೀಗೆ ಹೊಸದಾಗುತ್ತದೆ.

ಎಲುಬು ಉದ್ದವಾಗುವ ಬಗೆಯೇ ಬೇರೆ. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಎಂಬಾತನು ಹಂದಿಮರಿಯ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಎರಡು ಸೀಸದ ಗುಂಡುಗಳನ್ನು ಹುದುಗಿಸಿದನು. ಮರಿ ಬೆಳೆಯಿತು, ಎಲುಬು ನೀಳವಾಯಿತು. ಗುಂಡುಗಳ ನಡುವಣ ಅಂತರ ಮಾತ್ರ ಮೊದಲಿದ್ದಷ್ಟೇ ಇತ್ತು. ಬೆಳವಣಿಗೆಯೆಲ್ಲ ತುದಿಗಳ ಬಳಿಯಲ್ಲಿ ನಡೆದಿತ್ತು. ಅಲ್ಲಿ ಮೃದ್ವಸ್ಥಿಯ ತೆಳುವಾದ ಬಿಲ್ಲೆಯೊಂದು ಇರುತ್ತದೆ. ಕಿವಿಯನ್ನು ಮಡಿಸಿದಾಗ ಬೆರಳಿಗೆ ತಗಲುವುದೂ ಮೃದ್ವಸ್ಥಿಯೇ. ಆ ಬಿಲ್ಲೆಗಳು ಹುಡುಗಿಯರಲ್ಲಿ ಮೊದಲು, ಹುಡುಗರಲ್ಲಿ ಆಮೇಲೆ, ಇಪ್ಪತ್ತರ ಆಸುಪಾಸಿನೊಳಗೆ ಬಹುಮಟ್ಟಿಗೆ ಎಲುಬಾಗಿ ಮುಚ್ಚಿಹೋಗುತ್ತವೆ. ಅನಂತರ ಎತ್ತರವನ್ನು ಬೆಳೆಸುವೆವೆನ್ನುವ ಗುಳಿಗೆಗಳ ಜಾಹೀರಾತನ್ನು ಓದಿ ಹಣ ಕಳುಹಿಸುವವರ ಬಗ್ಗೆ ನಾವು ಹೆಚ್ಚಿಗೆ ಹೇಳುವುದಿಲ್ಲ.

ಈ ದುರಸ್ತಿ ನಿಂತರೆ ಏನಾದೀತು? 1740ರಲ್ಲಿ ಇಂಗ್ಲೆಂಡಿನಿಂದ ಭೂಪ್ರದಕ್ಷಿಣೆಗೆ ಹೊರಟ ಆನ್ಸನ್ ಎಂಬ ನಾಯಕನ ಹಡಗಿನಲ್ಲಿ ವೃದ್ಧ ಸೈನಿಕನೊಬ್ಬನಿದ್ದನು. 1690ರಲ್ಲಿ ಐರ್ಲೆಂಡಿನ ಬಾಯ್ನ್ ಯುದ್ಧದಲ್ಲಿ ಅವನಿಗಾದ ಗಾಯಗಳು ಮಾಯ್ದು ಐವತ್ತು ವರ್ಷ ಕಳೆದಿದ್ದವು. ಹಡಗಿನಲ್ಲಿ ಸ್ಕರ್ವಿ ರೋಗ ತಗಲಿದಾಗ ಅವು ಮತ್ತೆ ಬಾಯಿಬಿಟ್ಟವು. ಎಂದೋ ಕೂಡಿಕೊಂಡಿದ್ದ ಎಲುಬೊಂದರ ಬೆಸುಗೆಯೂ ಕರಗಿಹೋಯಿತೆಂದು ಆ ಯಾತ್ರೆಯ ವೃತ್ತಾಂತದಲ್ಲಿದೆ. ಕಾರಣ ಈಗ ಗೊತ್ತಾಗಿದೆ. ಗಟ್ಟಿಯಾದ ಕೊಲಾಜನ್ ನಾರನ್ನು ನೇಯಲು ಸಿ ಜೀವಸತ್ತ್ವ ಬೇಕು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದವರಿಗೆ ನಿಂಬೆಯಿಲ್ಲ, ನೆಲ್ಲಿಯಿಲ್ಲ. ಐವತ್ತು ವರ್ಷದ ಗಾಯವೂ ಅಂದಂದಿನ ನೇಯ್ಗೆಯಿಂದಲೇ ಮುಚ್ಚಿಕೊಂಡಿತ್ತು.

ಎಲ್ಲಿ ಎಷ್ಟು ಕಟ್ಟಬೇಕೆಂಬ ಅಪ್ಪಣೆ ಬಹುಪಾಲು ಬರುವುದು ಭಾರದಿಂದ. ಹೊರೆ ಬಿದ್ದ ಕಡೆ ಎಲುಬು ದಪ್ಪವಾಗುವುದು, ಹೊರೆ ತಪ್ಪಿದ ಕಡೆ ಸವೆಯುವುದು ಎಂಬ ನಿಯಮವನ್ನು ಜರ್ಮನಿಯ ವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಚಿಕ್ಕಂದಿನಿಂದ ಟೆನ್ನಿಸ್ ಆಡಿದವರಲ್ಲಿ ಬ್ಯಾಟು ಹಿಡಿಯುವ ತೋಳಿನ ಎಲುಬು ಇನ್ನೊಂದಕ್ಕಿಂತ ದಪ್ಪ. ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರಲ್ಲಿ ಸೊಂಟದ ಭಾಗದ ಎಲುಬು ತಿಂಗಳಿಗೆ ನೂರಕ್ಕೆ ಸುಮಾರು 1ರಿಂದ 1.5 ಪಾಲಿನಷ್ಟು ಸವೆದುದನ್ನು ಅಳೆದಿದ್ದಾರೆ.

ಇದನ್ನೆಲ್ಲ ಓದಿ ಬಲ್ಲ ನಾವೇ ಮನೆಯಲ್ಲಿ ಮಾಡಿದ್ದೇನು? ಅರುವತ್ತು ದಾಟಿದ ತಾಯಿಯವರಿಗೆ, “ಇನ್ನು ನೀವು ಏನೂ ಮಾಡಕೂಡದು, ಸುಮ್ಮನೆ ಕೂತಿರಿ” ಎಂದೆವು. ನೀರು ಸೇದುವುದು, ಮೆಟ್ಟಿಲು ಹತ್ತುವುದು, ಕೊನೆಗೆ ಹೂವು ಕೊಯ್ಯುವುದೂ ತಪ್ಪಿತು. ಅದನ್ನು ಮಾತೃಸೇವೆಯೆಂದೇ ಎಣಿಸಿದ್ದೆವು. ಎಂಟನೆಯ ವರ್ಷ ಬಚ್ಚಲುಮನೆಯಲ್ಲಿ ಜಾರಿದರು. ತೊಡೆಯೆಲುಬಿನ ಕತ್ತು ಮುರಿಯಿತು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಎಲುಬು ಬೇಗ ಸವೆಯುವುದುಂಟು, ತಪ್ಪೆಲ್ಲ ನಮ್ಮದೇ ಅಲ್ಲ. ಆದರೂ ನಮ್ಮ ಪಾಲು ಇದ್ದೇ ಇತ್ತು. ಶಸ್ತ್ರಚಿಕಿತ್ಸೆಯ ಮಾರನೆಯ ದಿವಸವೇ ವೈದ್ಯರು ಅವರನ್ನು ಎಬ್ಬಿಸಿ ನಿಲ್ಲಿಸಿದಾಗ ನಮಗೆ ಕೋಪವೇ ಬಂದಿತ್ತು. “ಮಲಗಿದಷ್ಟೂ ಎಲುಬು ಸವೆಯುತ್ತದೆ ಸ್ವಾಮಿ” ಎಂದು ಆತ ಹೇಳಿದಾಗ ನಾವು ಮಾತನಾಡಲಿಲ್ಲ.

ಈಗ ತಾಯಿಯವರು ಕೋಲನ್ನೂರಿಕೊಂಡು ದಿನವೂ ತುಳಸಿಕಟ್ಟೆಯನ್ನು ಸುತ್ತುತ್ತಾರೆ. ಹೂವಿನ ಬುಟ್ಟಿಯನ್ನು ನಮ್ಮ ಕೈಯಿಂದ ಮರಳಿ ಕಿತ್ತುಕೊಂಡಿದ್ದಾರೆ.