ಮೀನಿನ ತೊಟ್ಟಿಯೂ ಮನೆಯ ಗಾಳಿಯೂ

(ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಡಾಕ್ಟರರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಉಪದೇಶ ಕೇಳಬೇಕಾದೀತೆಂದು ತಾವು ಅಂಜಿರಬಹುದು. ಮುಂದೆ ಹೋಳಿಗೆ ಊಟ ಕಾದಿರುವಾಗ ಆ ಮಾತು ನಮಗೂ ಬೇಡ. ಇಂದಿನ ವಿಷಯ ಉಪ್ಪುನೀರಿನ ಅಕ್ವೇರಿಯಂ. ನಮ್ಮ ಕೂಟದ ಹಲವು ಮನೆಗಳಲ್ಲಿ ಮಕ್ಕಳ ಆಸೆಗೆಂದು ಬಂದ ಬಣ್ಣದ ಮೀನು, ಹವಳಗಳು ಈಗ ಮನೆಮಂದಿಯೇ ಆಗಿಬಿಟ್ಟಿವೆ.

ಈ ಮಿಚಿಗನ್ ಚಳಿ ಶುರುವಾಯಿತೆಂದರೆ ನಮಗೆ ಫೋನು ಬರುತ್ತದೆ: "ತೊಟ್ಟಿಯ ಪಿಎಚ್ 7.8ಕ್ಕೆ ಇಳಿದಿದೆ, ಏನು ಹಾಕೋಣ?" ನಾವು ಹೇಳುವುದು ಇಷ್ಟೆ: ಏನನ್ನಾದರೂ ಹಾಕುವ ಮೊದಲು ಒಂದು ಕಿಟಕಿ ತೆರೆದು ನೋಡಿ. ಇದು ತಮಾಷೆಯ ಮಾತಲ್ಲ.

ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಎಂಬ ವಿಜ್ಞಾನಿ ರೂಪಿಸಿದರು. 7 ಎಂದರೆ ಸಮ. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಸಮುದ್ರದ ಮೇಲ್ಮಟ್ಟದ ನೀರು ಸುಮಾರು 8.1. ಅಂಕಿ 0.3ರಷ್ಟು ಇಳಿದರೆ ನೀರಿನಲ್ಲಿ ಆಮ್ಲತೆಯ ಅಯಾನುಗಳು ಎರಡರಷ್ಟಾಗುತ್ತವೆ. ಆದ್ದರಿಂದ ಇದು ಕಡೆಗಣಿಸುವ ಸಂಗತಿಯಲ್ಲ. ಹಾಗೆಂದು ಗಾಬರಿಯೂ ಬೇಡ. ತೊಟ್ಟಿಯಲ್ಲಿ 7.8ರಿಂದ 8.4ರವರೆಗೆ ಮೀನುಗಳು ಸುಖವಾಗಿರುತ್ತವೆ. ನಸುಕಿನಲ್ಲಿ ಪಿಎಚ್ ಇಳಿದು, ದೀಪ ಉರಿದ ಹಗಲಿನ ಕೊನೆಗೆ ಏರುವುದು ಸಹಜ.

ನಮ್ಮ ರಕ್ತದಲ್ಲೂ ನಡೆಯುವುದು ಇದೇ ರಸಾಯನ. ಅಲ್ಲಿ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶ ಹೊರಹಾಕುತ್ತದೆ, ಬೈಕಾರ್ಬನೇಟನ್ನು ಮೂತ್ರಪಿಂಡ ಕಾಪಾಡುತ್ತದೆ. ಪಿಎಚ್ ಇಳಿದರೆ ಒಂದೋ ಉಸಿರು ಹೊರಹೋಗುತ್ತಿಲ್ಲ, ಇಲ್ಲವೇ ಬೈಕಾರ್ಬನೇಟ್ ಖರ್ಚಾಗಿದೆ. ಎರಡಕ್ಕೂ ಔಷಧಿ ಬೇರೆ ಬೇರೆ.

1952ರಲ್ಲಿ ಅದೇ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಾವಳಿ ಎದ್ದಿತು. ರೋಗಿಗಳ ರಕ್ತದಲ್ಲಿ ಬೈಕಾರ್ಬನೇಟ್ ಏರಿದ್ದುದನ್ನು ಕಂಡ ವೈದ್ಯರು ಕ್ಷಾರ ಹೆಚ್ಚಾಗಿದೆಯೆಂದು ಬಗೆದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ ಮಾತ್ರ, ಇದು ಒಳಗೇ ಉಳಿದ ಇಂಗಾಲದ ಡೈಆಕ್ಸೈಡಿನ ಗುರುತು, ಇವರಿಗೆ ಬೇಕಾದದ್ದು ಉಸಿರು ಎಂದರು. ಗಂಟಲಿಗೆ ನಳಿಗೆ ಇಟ್ಟು, ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕೈಯಿಂದ ಗಾಳಿಚೀಲ ಒತ್ತಿದರು. ಸಾವುಗಳು ಬಹಳ ಇಳಿದವು. ಅಂಕಿಯನ್ನಲ್ಲ, ಕಾರಣವನ್ನು ನೋಡಬೇಕೆಂಬುದು ನಾವೆಲ್ಲ ರೆಸಿಡೆನ್ಸಿಯಲ್ಲಿ ಕಲಿತ ಪಾಠ. ತೊಟ್ಟಿಗೂ ಅದೇ ಪಾಠ.

ಹಾಗಾದರೆ ಕಾರಣ ಹಿಡಿಯುವುದು ಹೇಗೆ? ಮೊದಲು ಪಿಎಚ್ ಮೀಟರನ್ನು ಸರಿಹೊಂದಿಸಿ. ಬಳಿಕ ಅಂಗಡಿಯಲ್ಲಿ ಸಿಗುವ ಕಿಟ್‌ನಿಂದ ಆಲ್ಕಲಿನಿಟಿ ಅಳೆಯಿರಿ. ಇದು ಬೈಕಾರ್ಬನೇಟಿನ ಲೆಕ್ಕ. 7ರಿಂದ 11 ಡಿಕೆಎಚ್ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಹವಳಗಳು ಬಳಸಿಕೊಂಡಿವೆ, ಇಲ್ಲವೇ ಉಳಿದ ಆಹಾರ, ಮೀನಿನ ಕಸಗಳ ಅಮೋನಿಯ ನೈಟ್ರೇಟ್ ಆಗುವಾಗ ಕರಗಿದೆ. ಆಗ ನೀರು ಬದಲಿಸಿ, ಆಹಾರ ತಗ್ಗಿಸಿ, ದಿನಕ್ಕೆ ಒಂದು ಡಿಕೆಎಚ್ ಮೀರದಂತೆ ನಿಧಾನವಾಗಿ ಏರಿಸಿ.

ಆಲ್ಕಲಿನಿಟಿ ಸರಿಯಿದ್ದೂ ಪಿಎಚ್ ಕೆಳಗಿದ್ದರೆ ಎರಡು ಲೋಟಗಳ ಪರೀಕ್ಷೆ ಮಾಡಿ. ಎರಡು ಲೋಟಗಳಲ್ಲಿ ತೊಟ್ಟಿಯ ನೀರು ತುಂಬಿ, ಒಂದಕ್ಕೆ ಮನೆಯೊಳಗಿನ ಗಾಳಿ, ಇನ್ನೊಂದಕ್ಕೆ ಕಿಟಕಿಯಾಚೆ ಇಟ್ಟ ಪಂಪಿನಿಂದ ಹೊರಗಿನ ಗಾಳಿ ಒಂದು ಗಂಟೆ ಊದಿಸಿ. ಎರಡರಲ್ಲೂ ಪಿಎಚ್ ಏರಿದರೆ ತೊಟ್ಟಿಯ ನೀರಿಗೆ ಗಾಳಿಯಾಟ ಸಾಲದು. ಹೊರಗಿನ ಗಾಳಿಯದು ಮಾತ್ರ ಏರಿದರೆ ಕಾರಣ ತೊಟ್ಟಿಯಲ್ಲಿಲ್ಲ, ಮನೆಯಲ್ಲಿದೆ.

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಪಾಲಿಗೆ 420ಕ್ಕೂ ತುಸು ಹೆಚ್ಚು. ಚಳಿಗೆ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅದು 1000 ದಾಟುವುದುಂಟು. ಸಂಕ್ರಾಂತಿಗೆ ಬೇಸ್‌ಮೆಂಟಿನಲ್ಲಿ ಮೂವತ್ತು ಜನ ಸೇರಿ, ಮೇಲೆ ಗ್ಯಾಸ್ ಒಲೆಯ ಮೇಲೆ ಪೊಂಗಲ್ ಬೇಯುತ್ತಿದ್ದರೆ ನಮ್ಮೆಲ್ಲರ ಉಸಿರೂ ಆ ನೀರಿಗೆ ಸೇರುತ್ತದೆ. ಇದಕ್ಕೆ ಅಡಿಗೆ ಸೋಡಾ ಮದ್ದಲ್ಲ. ಅದು ಆಲ್ಕಲಿನಿಟಿ ಏರಿಸುತ್ತದೆಯೇ ಹೊರತು ಪಿಎಚ್ಚನ್ನು ಅಷ್ಟಾಗಿ ಏರಿಸದು. ಸುರಿಯುತ್ತಾ ಹೋದರೆ ಸುಣ್ಣದಂಥ ಬಿಳಿ ಪದರ ಹೀಟರು, ಪಂಪುಗಳನ್ನು ಕಟ್ಟಿಹಾಕುತ್ತದೆ. ನೀರಿನಲ್ಲಿ ಅಮೋನಿಯ ಇದ್ದಾಗ ಪಿಎಚ್ ಥಟ್ಟನೆ ಏರಿಸಿದರಂತೂ ಅದರ ವಿಷ ಹೆಚ್ಚಾಗಿ ಮೀನುಗಳೇ ಸಾಯಬಹುದು.

ನಾವು ಮನೆಯಲ್ಲಿ ಮಾಡುವುದು ಇಷ್ಟು. ಸ್ಕಿಮ್ಮರಿನ ಗಾಳಿನಳಿಗೆಯನ್ನು ಕಿಟಕಿಯ ಸಂದಿಯಿಂದ ಹೊರಕ್ಕೆ ಒಯ್ದಿದ್ದೇವೆ. ಪಕ್ಕದ ಸಣ್ಣ ತೊಟ್ಟಿಯ ಪಾಚಿಗೆ ರಾತ್ರಿಯಲ್ಲಿ ದೀಪ ಹಾಕುತ್ತೇವೆ, ಅದು ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಆವಿಯಾದ ನೀರಿನ ಬದಲು ಸುಣ್ಣದ ತಿಳಿನೀರನ್ನು ರಾತ್ರಿ ಹನಿಹನಿಯಾಗಿ ಬಿಡುತ್ತೇವೆ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಬೇಡ, ಅಕ್ವೇರಿಯಂಗೆಂದೇ ಮಾರುವ ಶುದ್ಧ ಪುಡಿ ತನ್ನಿ. ಆ ಪುಡಿ ಮಕ್ಕಳ ಕೈಗೆ ಸಿಗದಿರಲಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ; ತಕ್ಷಣ ಧಾರಾಳ ನೀರಿನಿಂದ ತೊಳೆದು ಆಸ್ಪತ್ರೆಗೆ ಧಾವಿಸಬೇಕು.

ಇನ್ನೊಂದು ಮಾತು. ಊರಿನಿಂದ ಬಂದ ನಮ್ಮ ತಂದೆ ತಾಯಿಗಳು ಇಡೀ ಚಳಿಗಾಲ ಉಸಿರಾಡುವುದೂ ಆ ಮುಚ್ಚಿದ ಮನೆಯ ಗಾಳಿಯನ್ನೇ. ತೊಟ್ಟಿಯ ಪಿಎಚ್ ಗಾಳಿ ಹಳಸಿದೆಯೆಂದು ಹೇಳಿತೆಂದರೆ, ದಿನಕ್ಕೆ ಹತ್ತು ನಿಮಿಷ ಎದುರುಬದುರಿನ ಎರಡು ಕಿಟಕಿ ತೆರೆಯಿರಿ, ಅಡಿಗೆಮನೆಯ ಫ್ಯಾನು ಹಾಕಿ. ಕಾರ್ಬನ್ ಮಾನಾಕ್ಸೈಡಿನ ಅಲಾರಂ ಬೇರೆಯೇ ಬೇಕು, ಅದನ್ನು ಮೀನಿನ ತೊಟ್ಟಿ ಹೇಳಲಾರದು.

ಕೈಗಾರಿಕೆಗಳು ಶುರುವಾದ ಮೇಲೆ ಸಮುದ್ರದ ಪಿಎಚ್ ಕೂಡ 8.2ರಿಂದ 8.1ಕ್ಕೆ ಇಳಿದಿದೆ. ಕಾರಣ ಅದೇ ಇಂಗಾಲದ ಡೈಆಕ್ಸೈಡ್. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳಗಳು ಬಾಳುವುದೂ ಆ ನೀರಿನಲ್ಲೇ. ಮನೆಗಾದರೆ ಕಿಟಕಿಯಿದೆ, ಸಮುದ್ರಕ್ಕೆ ಇಲ್ಲ. ಲೋಟದ ಪರೀಕ್ಷೆಯನ್ನು ಮಕ್ಕಳ ಕೈಯಿಂದಲೇ ಮಾಡಿಸಿ, ಅವರಿಗೆ ಈ ಸಂಬಂಧ ತಾನಾಗಿ ತಿಳಿಯುತ್ತದೆ.

ಇನ್ನು ಊಟಕ್ಕೆ ಏಳೋಣ.