ಹಾಲು ಕುಡಿದ್ರೆ ಹೊಟ್ಟೆ ಉಬ್ಬರ: ಉಸಿರು ಊದಿ ಕಾರಣ ಹಿಡೀಬಹುದಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಗ್ಯಾಸ್. ಸಿಲಿಂಡರ್ ಅಲ್ಲ, ಹೊಟ್ಟೆದು. ನಗು ಬರತ್ತೆ, ಆದ್ರೆ ಇದರಿಂದ ಒದ್ದಾಡೋರಿಗೆ ಇದು ನಗೋ ವಿಷಯ ಅಲ್ಲ.

ಅರಸೀಕೆರೆ ತಾಲ್ಲೂಕಿನ ಒಬ್ಬ ಹುಡುಗಿ ವಾಯ್ಸ್ ನೋಟ್ ಕಳಿಸಿದ್ರು. ಬೆಂಗಳೂರಲ್ಲಿ ಕೆಲಸ, ವಾರದ ಕೊನೆಗೆ ರೈಲು ಹತ್ತಿ ಊರಿಗೆ. ಮನೇಲಿ ಎರಡು ಹಸು ಇದೆ, ದಿನಾ ಡೇರಿಗೆ ಹಾಲು ಹಾಕ್ತಾರೆ. ಊರಿಗೆ ಹೋದಾಗಲೆಲ್ಲ ಅಮ್ಮ ದೊಡ್ಡ ಲೋಟದ ತುಂಬ ಹಾಲು ಕೊಡ್ತಾರೆ. ಆಮೇಲೆ ಹೊಟ್ಟೆ ಉಬ್ಬರ, ಗುಡುಗುಡು, ಬಾತ್‌ರೂಮಿಗೆ ಓಟ. ಮೊದಲು ಹಾಲು ಬಿಟ್ರಂತೆ. ಆಮೇಲೆ ಚಪಾತಿ, ಆಮೇಲೆ ಅವರೆಕಾಳು. ಈಗ ಈರುಳ್ಳಿ, ಬೆಳ್ಳುಳ್ಳಿನೂ ಬಿಟ್ಟಿದ್ದಾರೆ. ಐದು ಕೆಜಿ ಇಳಿದಿದ್ದಾರೆ. "ಅಣ್ಣಾ, ಉಸಿರು ಊದಿದ್ರೆ ಯಾವ ಊಟ ಆಗಲ್ಲ ಅಂತ ಹೇಳೋ ಮಿಷಿನ್ ಬಂದಿದೆಯಂತೆ. ತಗೊಳ್ಳಲಾ?" ಇದು ಅವರ ಪ್ರಶ್ನೆ.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಒಂದು ಯಂತ್ರಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ದುಡ್ಡು ಹಾಕೋ ಮೊದಲು ಅದು ನಿಜವಾಗಿ ಏನು ಅಳೆಯುತ್ತೆ ಅಂತ ಕೇಳೋದು ಬಿಕಾಂನವನ ಕೆಲಸಾನೇ.

ಮೊದಲು ವಿಜ್ಞಾನ. ನಮ್ಮ ದೇಹದ ಜೀವಕೋಶಗಳು ಹೈಡ್ರೋಜನ್ ಅನಿಲ ಉತ್ಪಾದಿಸಲ್ಲ. ಅದನ್ನ ಮಾಡೋದು ಕರುಳಿನ ಬ್ಯಾಕ್ಟೀರಿಯಾಗಳು. ನೀವು ತಿಂದ ಯಾವುದೋ ಸಕ್ಕರೆ ಅಂಶ ಸಣ್ಣ ಕರುಳಲ್ಲಿ ಜೀರ್ಣ ಆಗದೆ ದೊಡ್ಡ ಕರುಳಿಗೆ ಇಳೀತು ಅಂದ್ಕೊಳ್ಳಿ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಅದನ್ನ ಹುಳಿ ಬರಿಸ್ತವೆ, ನಮ್ಮ ದೋಸೆ ಹಿಟ್ಟು ಉಬ್ಬೋ ಹಾಗೇನೇ. ಆಗ ಬರೋ ಗ್ಯಾಸಿನಲ್ಲಿ ಒಂದು ಪಾಲು ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಬಂದು, ಉಸಿರಲ್ಲಿ ಹೊರಗೆ ಹೋಗತ್ತೆ. ಉಸಿರಲ್ಲಿ ಹೈಡ್ರೋಜನ್ ಹೆಚ್ಚಾದ್ರೆ ಕರುಳಲ್ಲಿ ಏನೋ ಹುಳಿಯಾಗ್ತಿದೆ ಅಂತ ಅರ್ಥ. ಅಮೆರಿಕದ ವೈದ್ಯ ಮೈಕೆಲ್ ಲೆವಿಟ್ 1969ರಲ್ಲೇ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು. ಅಂದ್ರೆ ಐಡಿಯಾ ಹಳೇದು, ಅದನ್ನ ಜೇಬಿಗೆ ಹಿಡಿಯೋ ಹಾಗೆ ಮಾಡಿರೋದು ಹೊಸದು. ಐರ್ಲೆಂಡಿನ ಡಬ್ಲಿನ್‌ನಲ್ಲಿರೋ ಫುಡ್‌ಮಾರ್ಬಲ್ ಕಂಪನಿಯ ಏರ್ ಅನ್ನೋ ಯಂತ್ರ ಇದರಲ್ಲಿ ಹೆಸರಾಗಿರೋದು. ಊದಿದ್ರೆ ಫೋನಿನ ಆ್ಯಪ್‌ನಲ್ಲಿ ನಂಬರ್ ಬರತ್ತೆ.

ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಒಂದು ಶಿಸ್ತು ಇದೆ. ಹಿಂದಿನ ರಾತ್ರಿ ಬರೀ ಬಿಳಿ ಅನ್ನದಂಥ ಸಪ್ಪೆ ಊಟ, ಆಮೇಲೆ 8ರಿಂದ 12 ಗಂಟೆ ಉಪವಾಸ. ಹಿಂದಿನ ನಾಲ್ಕು ವಾರ ಆ್ಯಂಟಿಬಯಾಟಿಕ್ ತಗೊಂಡಿರಬಾರದು. ಅವತ್ತು ಬೀಡಿ ಸಿಗರೇಟು ಇಲ್ಲ, ಜಿಮ್ ಇಲ್ಲ. ಮೊದಲು ಒಂದ್ಸಲ ಊದಿಸಿ, ಸಾಮಾನ್ಯವಾಗಿ 25 ಗ್ರಾಂ ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ, ನೀರಲ್ಲಿ ಕಲಸಿ ಕುಡಿಸ್ತಾರೆ. ಆಮೇಲೆ ಎರಡು ಮೂರು ಗಂಟೆ ಮತ್ತೆ ಮತ್ತೆ ಊದಿಸ್ತಾರೆ. ಮೊದಲ ಅಳತೆಗಿಂತ ಹೈಡ್ರೋಜನ್ 20 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಏರಿದ್ರೆ ಲ್ಯಾಕ್ಟೋಸ್ ಜೀರ್ಣ ಆಗ್ತಿಲ್ಲ ಅಂತ ಲೆಕ್ಕ.

ಈಗ ಇದನ್ನ ನಮ್ಮ ಮನೆಗೆ ತನ್ನಿ. ಹಿಂದಿನ ರಾತ್ರಿ ಮುದ್ದೆ, ಅವರೆಕಾಳು ಸಾರು ಹೊಡೆದು, ಬೆಳಗ್ಗೆ ಹಾಲು ಕುಡಿದು ಊದಿದ್ರೆ ಆ ನಂಬರ್ ಹಾಲಿನದೋ ಅವರೆದೋ? ಯಂತ್ರಕ್ಕೆ ಗೊತ್ತಿಲ್ಲ.

ಟೈಮಿಂಗ್ ಇನ್ನೊಂದು ತೊಂದರೆ. ತಿಂದ ಊಟ ದೊಡ್ಡ ಕರುಳು ಮುಟ್ಟೋಕೆ ಎರಡು ಮೂರು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಅರಸೀಕೆರೆ ಸ್ಟೇಷನ್ನಲ್ಲಿ ತಿಂದದ್ದು ಗಲಾಟೆ ಶುರು ಮಾಡೋದು ನೀವು ಯಶವಂತಪುರದಲ್ಲಿ ಇಳಿಯೋ ಹೊತ್ತಿಗೆ. ಅಷ್ಟರಲ್ಲಿ ತುಮಕೂರಲ್ಲಿ ಒಂದು ವಡೆ ತಿಂದಿರ್ತೀರಿ. ಬೈಗುಳ ವಡೆಗೆ ಬೀಳತ್ತೆ. ಯಂತ್ರ ಇರಲಿ ಬಿಡಲಿ, ನಾವು ಯಾವಾಗಲೂ ಕೊನೆಗೆ ತಿಂದದ್ದನ್ನೇ ಅಪರಾಧಿ ಮಾಡ್ತೀವಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ ಬರತ್ತೆ. ಕಾಳುಗಳಲ್ಲಿರೋ ಕೆಲವು ಸಕ್ಕರೆಗಳನ್ನ ಒಡೆಯೋ ಕಿಣ್ವ ಯಾವ ಮನುಷ್ಯನ ಸಣ್ಣ ಕರುಳಲ್ಲೂ ಇಲ್ಲ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿರೋ ಫ್ರಕ್ಟಾನ್ ಕಥೆನೂ ಅದೇ. ಹಿತಕಬೇಳೆ ಸಾರು ಉಂಡ ಮೇಲೆ ಬೇಲೂರಿನವರು ಊದಲಿ, ಹಳೇಬೀಡಿನವರು ಊದಲಿ, ಡಬ್ಲಿನ್‌ನವರು ಊದಲಿ, ನಂಬರ್ ಏರೋದೇ. ಅದು ಕಾಯಿಲೆ ಅಲ್ಲ, ಬ್ಯಾಕ್ಟೀರಿಯಾ ಊಟ ಮಾಡ್ತಿವೆ ಅಷ್ಟೇ. ಆ ಬ್ಯಾಕ್ಟೀರಿಯಾ ನಮಗೆ ಬೇಕಾದವು. ನಂಬರ್ ನೋಡಿ ಹೆದರಿ ಕಾಳು ಬಿಟ್ರೆ, ಸಸ್ಯಾಹಾರಿ ಮನೇಲಿ ಪ್ರೋಟೀನಿನ ದೊಡ್ಡ ಪಾಲೇ ಬಿಟ್ಟ ಹಾಗೆ.

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಅಂಗಡಿಯ ಟರ್ನೋವರ್ ನೋಡಿ ಲಾಭ ನಷ್ಟ ಹೇಳೋಕಾಗಲ್ಲ. ಯಂತ್ರ ತೋರಿಸೋದು ಗ್ಯಾಸಿನ ಟರ್ನೋವರ್. ನಿಮಗೆ ತೊಂದರೆ ಆಗ್ತಿದೆಯಾ ಇಲ್ವಾ ಅನ್ನೋದು ಬೇರೆ ಲೆಕ್ಕ. ನಂಬರ್ ಏರಿಯೂ ಹೊಟ್ಟೆ ತಣ್ಣಗಿರೋರು ಬಹಳ ಜನ ಇದ್ದಾರೆ. ಕೆಲವರಿಗೆ ಉಲ್ಟಾ. ಅವರ ಕರುಳಲ್ಲಿ ಹೈಡ್ರೋಜನ್ ತಿಂದು ಮೀಥೇನ್ ಮಾಡೋ ಜೀವಿಗಳಿರ್ತವೆ. ಬರೀ ಹೈಡ್ರೋಜನ್ ಅಳೆದ್ರೆ ಎಲ್ಲ ಸರಿ ಇದೆ ಅಂತ ತಪ್ಪು ಉತ್ತರ ಬರಬಹುದು. ಅದಕ್ಕೇ ಏರ್ 2 ಯಂತ್ರ ಎರಡನ್ನೂ ಅಳೆಯುತ್ತೆ. ಇನ್ನು ಅಲರ್ಜಿ ಆಗಲಿ, ಗೋಧಿಯ ಗ್ಲೂಟನ್‌ನಿಂದ ಬರೋ ಸೀಲಿಯಾಕ್ ಕಾಯಿಲೆ ಆಗಲಿ ಉಸಿರಲ್ಲಿ ಸಿಗಲ್ಲ. ಸೀಲಿಯಾಕ್‌ಗೆ ರಕ್ತಪರೀಕ್ಷೆ ಇದೆ. ಅದನ್ನ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಮೊದಲೇ ಚಪಾತಿ ಬಿಟ್ಟು ಹೋದ್ರೆ ರಿಪೋರ್ಟ್ ನಾರ್ಮಲ್ ಬಂದುಬಿಡಬಹುದು.

ಈಗ ಹಾಲಿಗೆ ಬರೋಣ. ಹಾಸನ ಹಾಲು ಒಕ್ಕೂಟದ ಸೀಮೆಯಲ್ಲಿ "ನಂಗೆ ಹಾಲು ಆಗಲ್ಲ" ಅನ್ನೋದು ಮನೆತನಕ್ಕೇ ಅವಮಾನ ಮಾಡಿದ ಹಾಗೆ. ಆದ್ರೆ ಅಂಕಿ ನೋಡಿ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಉತ್ತರ ಭಾರತೀಯರಲ್ಲಿ ಶೇ. 27.4, ದಕ್ಷಿಣದವರಲ್ಲಿ ಶೇ. 66.6 ಜನಕ್ಕೆ ಲ್ಯಾಕ್ಟೋಸ್ ಸರಿಯಾಗಿ ಜೀರ್ಣ ಆಗ್ತಿರಲಿಲ್ಲ. ಹಾಲಿನ ಸಕ್ಕರೆ ಒಡೆಯೋ ಕಿಣ್ವ ಎಳೆ ಮಕ್ಕಳಲ್ಲಿ ಚೆನ್ನಾಗಿರತ್ತೆ, ಬೆಳೀತಾ ಬಹಳ ಜನರಲ್ಲಿ ಕಮ್ಮಿ ಆಗತ್ತೆ. ದೊಡ್ಡವರಾದ ಮೇಲೂ ಅದನ್ನ ಉಳಿಸೋ ಒಂದು ಜೀನ್ ಬದಲಾವಣೆ ಭಾರತದ ವಾಯವ್ಯ ಭಾಗದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದ ಹಾಗೆ ಕಮ್ಮಿ. ನೀಲಗಿರಿಯ ತೋಡರಂಥ ಎಮ್ಮೆ ಸಾಕೋ ಸಮುದಾಯದಲ್ಲಿ ಮಾತ್ರ ಮತ್ತೆ ಹೆಚ್ಚು. ಆದ್ದರಿಂದ ಹಾಲು ಆಗದೇ ಇರೋದು ಸೊಕ್ಕೂ ಅಲ್ಲ, ಬೆಂಗಳೂರಿಗೆ ಹೋಗಿ ಕಲಿತ ಫ್ಯಾಷನ್ನೂ ಅಲ್ಲ. ಅಮ್ಮಂದಿರಿಗೆ ಈ ಭಾಗವನ್ನ ಕೇಳಿಸಿ.

"ಹಾಗಾದ್ರೆ ನಾಟಿ ಹಸುವಿನ ಎ2 ಹಾಲು?" ಎ2 ಅನ್ನೋದು ಹಾಲಿನ ಪ್ರೋಟೀನ್ ವಿಷಯ. ಲ್ಯಾಕ್ಟೋಸ್ ಅಮೃತಮಹಲ್ ಹಸುವಿನ ಹಾಲಲ್ಲೂ ಇದೆ, ಎಚ್‌ಎಫ್ ಹಸುವಿನ ಹಾಲಲ್ಲೂ ಇದೆ, ಎಮ್ಮೆ ಹಾಲಲ್ಲೂ ಇದೆ. ಲ್ಯಾಕ್ಟೋಸ್ ತೊಂದರೆಗೆ ಅಂತ ಎರಡು ಪಟ್ಟು ದುಡ್ಡು ಕೊಡಬೇಡಿ.

ಇನ್ನೊಂದು ಲೆಕ್ಕ. 250 ಎಂಎಲ್ ಲೋಟದ ಹಾಲಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್. ಕಿಣ್ವ ಕಮ್ಮಿ ಇರೋರಲ್ಲೂ ಹೆಚ್ಚಿನವರು ಅಷ್ಟನ್ನ ಒಂದು ಸಲಕ್ಕೆ ತಡ್ಕೋತಾರೆ, ಊಟದ ಜೊತೆ ಆದ್ರೆ ಇನ್ನೂ ಸುಲಭ. ಒಂದು ಟೀಯಲ್ಲಿರೋ 50 ಎಂಎಲ್ ಹಾಲಲ್ಲಿ ಎರಡೂವರೆ ಗ್ರಾಂ ಅಷ್ಟೇ. ಮೊಸರಲ್ಲಿ ಬ್ಯಾಕ್ಟೀರಿಯಾ ಒಂದು ಪಾಲು ಲ್ಯಾಕ್ಟೋಸ್ ಮೊದಲೇ ತಿಂದಿರತ್ತೆ, ಉಳಿದದ್ದನ್ನ ಜೀರ್ಣಿಸೋಕೂ ಸಹಾಯ ಮಾಡತ್ತೆ. ತುಪ್ಪದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅಂದ್ರೆ ದೊಡ್ಡ ಲೋಟ ಬಿಟ್ರೂ ಮಜ್ಜಿಗೆ, ಟೀ, ತುಪ್ಪ ಬಿಡಬೇಕಾಗಿಲ್ಲ.

ಸರಿ, ಯಂತ್ರ ಇಲ್ಲದೆ ಏನು ಮಾಡಬಹುದು? ಒಂದು ನೋಟ್‌ಬುಕ್ ತಗೊಳ್ಳಿ. ಒಂದು ವಾರ ಏನೂ ಬಿಡದೆ ಬರೀರಿ: ಏನು ತಿಂದೆ, ಎಷ್ಟು ಹೊತ್ತಿಗೆ, ಹೊಟ್ಟೆ ಯಾವಾಗ ಕೆಟ್ಟಿತು. ಆಮೇಲೆ ಎರಡು ವಾರ ಹಾಲು, ಪೇಡ, ಐಸ್‌ಕ್ರೀಮ್ ಮಾತ್ರ ನಿಲ್ಲಿಸಿ. ಉಳಿದದ್ದೆಲ್ಲ ಮೊದಲಿನ ಹಾಗೇ ಇರಲಿ. ಆಮೇಲೆ ಹಾಲನ್ನ ವಾಪಸ್ ತನ್ನಿ: ಒಂದು ದಿನ ಅರ್ಧ ಲೋಟ, ಎರಡು ದಿನ ಬಿಟ್ಟು ಪೂರ್ತಿ ಲೋಟ. ಬಿಟ್ಟಾಗ ಸರಿಹೋಗಿ, ತಂದಾಗ ಮತ್ತೆ ಕೆಟ್ಟರೆ ಉತ್ತರ ಸಿಕ್ತು. ಬಿಟ್ಟರೂ ವ್ಯತ್ಯಾಸ ಇಲ್ಲ ಅಂದ್ರೆ ಹಾಲು ನಿರಪರಾಧಿ, ಅದನ್ನ ಬಿಡುಗಡೆ ಮಾಡಿ. ಒಂದು ಸಲಕ್ಕೆ ಒಂದೇ ಪದಾರ್ಥ. ಐದನ್ನೂ ಒಟ್ಟಿಗೆ ಬಿಟ್ರೆ ಯಾವುದು ತಪ್ಪಿತಸ್ಥ ಅಂತ ಗೊತ್ತಾಗಲ್ಲ. ಕಾಳಿನ ವಿಷಯಕ್ಕೆ ಅಜ್ಜಿ ಉಪಾಯ ಇದೆ: ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ. ಗ್ಯಾಸ್ ಮಾಡೋ ಸಕ್ಕರೆ ಒಂದಿಷ್ಟು ನೀರಿನ ಜೊತೆ ಹೋಗತ್ತೆ. ಹಾಲು ಕಮ್ಮಿ ಮಾಡಿದ್ರೆ ಕ್ಯಾಲ್ಸಿಯಂ ಚಿಂತೆ ಬರತ್ತೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ ಬಿಡಬೇಡಿ.

ಆದ್ರೆ ಇದನ್ನ ಕಿವಿಗೊಟ್ಟು ಕೇಳಿ. ಪ್ರಯತ್ನ ಪಡದೆ ತೂಕ ಇಳೀತಿದ್ರೆ, ಮಲದಲ್ಲಿ ರಕ್ತ ಕಂಡ್ರೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ಬಿಡದ ಜ್ವರ, ರಕ್ತಹೀನತೆ ಇದ್ರೆ ನೋಟ್‌ಬುಕ್ಕೂ ಬೇಡ, ಮಿಷಿನ್ನೂ ಬೇಡ, ನೇರ ಡಾಕ್ಟರ ಹತ್ರ ಹೋಗಿ. ಮೆಡಿಕಲ್ ಶಾಪಿನಲ್ಲಿ ಗ್ಯಾಸ್ ಮಾತ್ರೆ ತಗೊಂಡು ತಿಂಗಳುಗಟ್ಟಲೆ ನುಂಗ್ತಾ ಕೂರಬೇಡಿ. ಮಕ್ಕಳಿಗಂತೂ ನೀವೇ ಪರೀಕ್ಷೆ ಮಾಡಿ ಊಟ ಬಿಡಿಸಬೇಡಿ. ನಮಗೆ ವಾಯ್ಸ್ ನೋಟ್ ಕಳಿಸಿದ ತಂಗಿಗೂ ಇದನ್ನೇ ಹೇಳಿದೆ: ಐದು ಕೆಜಿ ಇಳಿದಿರೋದು ಊಟ ಕಮ್ಮಿಯಾಗಿ ಇರಬಹುದು, ಬೇರೆ ಕಾರಣಕ್ಕೂ ಇರಬಹುದು. ಅದನ್ನ ಹೇಳಬೇಕಾದವರು ಡಾಕ್ಟರ್. ಹೋಗುವಾಗ ಆ ನೋಟ್‌ಬುಕ್ ತಗೊಂಡು ಹೋಗಿ, ಅರ್ಧ ಕೆಲಸ ಅಲ್ಲೇ ಆಗತ್ತೆ.

ಯಂತ್ರ ಸುಳ್ಳು ಅಂತ ನಾನು ಹೇಳ್ತಿಲ್ಲ. ವೈದ್ಯರ ಜೊತೆ, ಶಿಸ್ತಾಗಿ ಬಳಸೋರಿಗೆ ಅದು ಉಪಯೋಗಕ್ಕೆ ಬರಬಹುದು. ಅದು ಗ್ಯಾಸ್ ಎಷ್ಟು ಅಂತ ಹೇಳತ್ತೆ. ತಟ್ಟೆಯಿಂದ ಏನು ತೆಗೀಬೇಕು ಅನ್ನೋ ತೀರ್ಪು ಅದರ ಕೈಲಿ ಕೊಡಬೇಡಿ.

ಇವತ್ತಿಗೆ ಇಷ್ಟು. ಮನೇಲಿ ಹಾಲಿನ ಲೋಟಕ್ಕೆ ಜಗಳ ಆಡೋ ಗೆಳೆಯರಿದ್ರೆ ಈ ಸಂಚಿಕೆ ಕಳಿಸಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಹಾಕಿ. ಮುಂದಿನ ವಾರ ಸಿಗೋಣ, ನಮಸ್ಕಾರ.